ಮುತ್ತಾತಂದಿರ ಸಾಕ್ಷಿ

ಏಲಕ್ಕಿ ಜಾಸ್ತಿಯಾಯಿತು, ಯಾರೋ ಚಹಾ ಕಾಯಿಸುತ್ತಿದ್ದಾರೆ, ಅಮೆರಿಕದ ಮಿನಿಯಾಪೊಲಿಸಿನ ಸೊಮಾಲಿ ಶಾಪಿಂಗ್ ಮಾಲಿನ ಈ ಓಣಿಯಲ್ಲಿ ಯಾವಾಗಲೂ ಯಾರೋ ಚಹಾ ಕಾಯಿಸುತ್ತಿರುತ್ತಾರೆ, ಇದಿಲ್‌ಗೆ ಮಾತ್ರ ಒಂದು ಗುಟುಕೂ ಇಳಿಯುವುದಿಲ್ಲ, ಅಲ್ಲಿ ಸೊಮಾಲಿಯಾದ ಗಾಲ್ಕಾಯೊದಲ್ಲಿ ತಂಗಿ ಸಗಲ್ ಬೆಳಿಗ್ಗೆಯಿಂದ ನೋವು ತಿನ್ನುತ್ತಿದ್ದಾಳೆ, ಮಗು ಅಡ್ಡ ಮಲಗಿದೆ, ಕೊಯ್ದೇ ತೆಗೆಯಬೇಕು, ಮುಂಗಡ ಕಟ್ಟುವವರೆಗೆ ಡಾಕ್ಟರು ಕತ್ತಿ ಮುಟ್ಟುವುದಿಲ್ಲ — ಆ ಹಾಳು ಬ್ಯಾಂಕು, ಇದೇ ಊರಿನಲ್ಲಿ ಅಷ್ಟೆತ್ತರದ ಗಾಜಿನ ಕಟ್ಟಡ ಕಟ್ಟಿಕೊಂಡು ಎರಡು ವಾರ ಇದಿಲ್‌ಳ ದುಡ್ಡಿನ ಮೇಲೆ ಕಾವು ಕೂತಿತ್ತು, ಕಳಿಸಲಿಕ್ಕೆ ಶುಲ್ಕ, ನಡುವೆ ಯಾವುದೋ ಕಾಣದೂರಿನ ಬ್ಯಾಂಕಿಗೆ ಶುಲ್ಕ, ತಲುಪದೆ ವಾಪಸು ಬಂದಿದ್ದಕ್ಕೂ ಶುಲ್ಕ, ಮೇಡಂ ನಿಮ್ಮ ಹಣ ಪರಿಶೀಲನೆಯಲ್ಲಿದೆ, ಪರಿಶೀಲಿಸಿ, ಚೆನ್ನಾಗಿ ಪರಿಶೀಲಿಸಿ, ಮಗು ಕಾಯುತ್ತದೆ — ಬ್ಯಾಂಕೇ ಭದ್ರ ಅಂದವನು ಗಂಡ, ಅವನಿಗೆ ಮನೆಗೆ ಹೋದ ಮೇಲಿದೆ, ಈಗ ಅಳಿದುಳಿದದ್ದಕ್ಕೆ ಸಾಲ ಸೇರಿಸಿ ಇಲ್ಲಿ ಕಟ್ಟಿದರೆ ಅಲ್ಲಿ ಕೈಗೆ ದುಡ್ಡು ಕೊಡಿಸುವ ವರ್ಸಮೆಯ ಹವಾಲಾ ಅಂಗಡಿಗೆ ತಂದಿದ್ದಾಳೆ, ಗೋಡೆಯ ಮೇಲೆ ಸರ್ಕಾರದ ಲೈಸೆನ್ಸು, ಮೇಜಿನ ಮೇಲೆ ಫೋನು, ಫೋನಿನೊಳಗೆ ಗಾಲ್ಕಾಯೊದ ಏಜೆಂಟು, ಅವನೆದುರಿಗೆ ಸಗಲ್ ಪರವಾಗಿ ದುಡ್ಡು ಪಡೆಯಲು ಬಂದ ಅವರಜ್ಜಿ ದಹಬೊ.

ಗುರುತಿನ ಚೀಟಿ ಎಲ್ಲಜ್ಜಿ, ಏಜೆಂಟು ಕೇಳಿದ, ಕಳ್ಳ ಚೀಲದ ಸಮೇತ ಹೊತ್ಕೊಂಡು ಹೋದ, ಬೇಕಿದ್ರೆ ಅವನ್ನೇ ಕೇಳು, ಹಾಗಾದ್ರೆ ಹಿರೀಕರ ಹೆಸರು ಹೇಳು, ಇಲ್ಲಿ ಇದಿಲ್ ಬರೆಸಿರೋದಕ್ಕೆ ಸರಿಹೋದ್ರೆ ದುಡ್ಡು ಕೊಡ್ತೀನಿ — ಅಜ್ಜಿ ಗಂಟಲು ಸರಿ ಮಾಡಿಕೊಂಡಳು, ನಾನು ದಹಬೊ, ನಮ್ಮಪ್ಪ ಗುಲೇದ್, ಅವರಪ್ಪ ಶಿರ್ವ, ಅವರಪ್ಪ ಎಲ್ಮಿ, ಅವರಪ್ಪ — ನಿಂತಿತು, ದೇವರೇ, ನಿಂತುಹೋಯಿತು, ಇದಿಲ್‌ಗೆ ಐದು ವರ್ಷವಿದ್ದಾಗ ಇದೇ ಹೆಸರು ಮರೆತದ್ದಕ್ಕೆ ಕಿವಿ ಹಿಂಡಿದ ಅಜ್ಜಿ, ಸಗಲ್‌ಗೆ ದಿನ ತುಂಬಿತೆಂದು ಎರಡು ರಾತ್ರಿ ನಿದ್ದೆಗೆಟ್ಟ ಅಜ್ಜಿ, ಹೇಳಿಕೊಡಬೇಡ ಎಂದು ವರ್ಸಮೆ ತುಟಿಗೆ ಬೆರಳಿಟ್ಟ — ರೋಬ್ಲೆ, ಅವರಪ್ಪ ಸಮತರ್, ಅವರಪ್ಪ ಬುರಾಲೆ, ಸಾಕಜ್ಜಿ ಸಾಕು, ಸರಿಹೋಯ್ತು, ಸುಮ್ನಿರೋ, ನಮ್ಮೋರನ್ನ ನಡುದಾರೀಲಿ ಇಳಿಸಿ ಹೋಗ್ಲಾ, ಅವರಪ್ಪ ವೈಸ್!

ವರ್ಸಮೆ ನಗುತ್ತಾನೆ, ಇದಿಲ್ ಮೇಜಿಗೆ ಹಣೆ ಒತ್ತಿಕೊಂಡು ನಗುತ್ತಾಳೆ, ಅಳುತ್ತಾಳೆ, ಎಷ್ಟು ಹಗುರ, ಗಾಜಿನ ಕಟ್ಟಡದಲ್ಲಿ ಅವಳ ಮುತ್ತಾತನ ಹೆಸರು ಯಾರು ಕೇಳಿದ್ದರು, ಅಷ್ಟರಲ್ಲಿ ಫೋನಿನಲ್ಲಿ ಕತ್ತೆಗಾಡಿಯ ಸದ್ದು, ಗಾಳಿ, ದೂರದಿಂದ ಏಜೆಂಟಿನ ಕೂಗು, ಅಜ್ಜೀ ನನ್ ಫೋನು, ಅಜ್ಜೀ — ದುಡ್ಡಿನ ಜೊತೆ ಫೋನನ್ನೂ ಹಿಡಿದುಕೊಂಡೇ ರಸ್ತೆ ದಾಟುತ್ತಿದ್ದಾಳೆ ಮುದುಕಿ, ಎದುರಿಗೇ ಆಸ್ಪತ್ರೆ, ತಗೊಳ್ರೋ ನಿಮ್ಮ ಮುಂಗಡ, ಎಣಿಸ್ಕೊಳ್ಳಿ, ಎಬ್ಬಿಸಿ ಡಾಕ್ಟರನ್ನ, ಯಾರೋ ಓಡಿದರು, ಗಾಲಿಗಳು ಕಿರ್ರೆಂದವು, ಆಮೇಲೆ ತೀರ ಹತ್ತಿರದಲ್ಲಿ ಬಳಲಿದ ದನಿ, ಅಕ್ಕಾ, ನೀನು ಊಟ ಮಾಡಿದ್ಯಾ? — ಮಾಡಿದೆ ಕಣೇ, ಸುಳ್ಳು, ಮಾಡುತ್ತೇನೆ, ಈಗ ಮಾಡುತ್ತೇನೆ, ಆಪರೇಷನ್ ಕೋಣೆಯ ಬಾಗಿಲು ತೆರೆಯಿತು, ಕಾಣದಿದ್ದರೂ ಕಾಣುತ್ತಿದೆ, ಬಿಳಿ ಹೊದಿಕೆಯಾಚೆ ಸಗಲ್‌ಳ ಎರಡು ಪಾದ ಒಳಗೆ ಹೋಗುತ್ತಿವೆ, ಬಾಗಿಲು, ಎರಡು ಪಾದ, ಒಳಗೆ, ಎರಡು ಪಾದ