ಮೇಣ ಕುಡಿದ ಗಿಟಾರು

ಇಬುಕಿ ಒಪ್ಪಿಸಿದ್ದು ಒಂದೇ ಕೆಲಸವನ್ನು: ವಯರು ಚುಚ್ಚುವ ತೂತು ಸಡಿಲವಾಗಿದೆ, ಬಿಗಿಮಾಡಿಕೊಡಬೇಕು. ಅಕಾಹಾನೆ ಮಾಡಿದ್ದು ಎರಡನ್ನು. ಮತ್ಸುಮೊಟೊ ಊರಿನಲ್ಲಿ ನಲವತ್ತು ವರ್ಷಗಳಿಂದ ಗಿಟಾರು ರಿಪೇರಿ ಮಾಡುತ್ತಿದ್ದ ಆತ, ಗಿರಾಕಿ ಕೇಳದ ಒಂದು ಉಪಕಾರವನ್ನು ಸೇರಿಸದೆ ಯಾವ ವಾದ್ಯವನ್ನೂ ಹಿಂದಿರುಗಿಸಿದವನಲ್ಲ. ಆ ಬೀದಿಯ ಅಂಗಡಿಗಳ ರೀತಿಯೇ ಹಾಗೆ. ಸೈಕಲ್ಲಿನವನು ಪಂಕ್ಚರ್ ಹಾಕಿದ ಮೇಲೆ ಸರಪಳಿಗೆ ಎಣ್ಣೆ ಬಿಡುತ್ತಿದ್ದ. ಅದನ್ನು ಬಾಯಿಬಿಟ್ಟು ಹೇಳಬಾರದು. ಗಿರಾಕಿ ಮನೆಗೆ ಹೋಗಿ ತಾನೇ ಕಂಡುಕೊಳ್ಳಬೇಕು.

ಈ ಗಿರಾಕಿ ಕಂಡುಕೊಂಡು ಮರುದಿನ ಬೆಳಗ್ಗೆಯೇ ಓಡಿಬಂದಳು.

"ಅಕಾಹಾನೆ ಸಾನ್, ಏನು ಮಾಡಿಬಿಟ್ರಿ ಇದಕ್ಕೆ? ಕಿವಿನೇ ಕೇಳಿಸ್ತಾ ಇಲ್ಲ!"

"ಗಿಟಾರಿಗೆ ಕಿವಿ ಯಾಕಮ್ಮ? ಬಾಯಿದ್ರೆ ಸಾಲ್ದಾ?"

"ನೋಡಿ ಬೇಕಾದ್ರೆ." ಅವಳು ಗಿಟಾರನ್ನು ಸ್ಪೀಕರಿಗೆ ಜೋಡಿಸಿ, ತಂತಿಗಳ ಕೆಳಗೆ ಸದ್ದು ಹಿಡಿಯುವ ಪಿಕಪ್ಪಿಗೆ ಬಾಯಿ ತಾಗಿಸಿ ಕೂಗಿದಳು. ಸ್ಪೀಕರು ಮೌನವಾಗಿತ್ತು. "ಮೊನ್ನೆವರೆಗೂ ನನ್ನ ದನಿ ಇದರೊಳಗಿಂದ ಬರ್ತಿತ್ತು. ದೂರದ ರೇಡಿಯೊ ತರ. ನಾನು ಹಾಡೋದೇ ಇದರೊಳಗೆ. ಶನಿವಾರ ರೆಕಾರ್ಡಿಂಗು, ಐದು ಹಾಡು. ಮೈಕಿನ ಮುಂದೆ ನಿಂತ್ರೆ ನನ್ನದು ಬರೀ ಕೀರಲು. ಹೋಯ್ತು, ಎಲ್ಲ ಹೋಯ್ತು!"

ಅಂದು ಗುರುವಾರ.

ಗಿಟಾರು ಹುಟ್ಟಿದ್ದು ಅದೇ ಊರಿನಲ್ಲಿ, ೧೯೬೬ರಲ್ಲಿ, ಅದಕ್ಕೂ ಮೊದಲು ಬಟ್ಟೆಯ ಬೀರುಗಳನ್ನು ಮಾಡುತ್ತಿದ್ದ ಕಾರ್ಖಾನೆಯೊಂದರಲ್ಲಿ. ಅಮೆರಿಕದ ಮಕ್ಕಳಿಗೆ ಅಂಚೆಯ ಮೂಲಕ ಅಗ್ಗಕ್ಕೆ ಮಾರಲೆಂದು ಮಾಡಿದ ಸರಕು. ಅದರ ಹಿಡಿ ಒನಕೆಯಷ್ಟು ದಪ್ಪ. ಮೈಮೇಲೆ ನಾಲ್ಕು ಸ್ವಿಚ್ಚುಗಳು: ಎರಡು ಕೆಲಸ ಮಾಡುತ್ತಿದ್ದವು, ಮೂರನೆಯದು ಏನು ಮಾಡುತ್ತದೆಂದು ಮಾಡಿದವರಿಗೂ ತಿಳಿಯದು, ನಾಲ್ಕನೆಯದನ್ನು ಒತ್ತಿದರೆ ಸದ್ದೇ ನಿಂತುಹೋಗುತ್ತಿತ್ತು. ಒಂದು ಕಾಲಕ್ಕೆ ಕಸದೊಡನೆ ಹೊರಗಿಡುತ್ತಿದ್ದ ಇಂಥವನ್ನು ಈಗ ಇಬುಕಿಯ ವಯಸ್ಸಿನವರು ಹುಡುಕಿಕೊಂಡು ಅಲೆಯುತ್ತಿದ್ದರು.

ರಿಪೇರಿಗೆಂದು ಮುಚ್ಚಳ ತೆಗೆದಾಗ ಒಳಗಿನ ಮರದ ಮೇಲೆ ಅಕಾಹಾನೆಗೆ ಕಂಡದ್ದು ತನ್ನದೇ ಕೆಂಪು ಮುದ್ರೆ. ಇಪ್ಪತ್ತೆರಡರ ಹರೆಯದಲ್ಲಿ ಆತ ಆ ಕಾರ್ಖಾನೆಯ ಕೊನೆಯ ಹಂತದ ತಪಾಸಣೆಗಾರನಾಗಿದ್ದ. ಮುಟ್ಟಿದರೆ ಕಿರುಚುವ, ಬೆರಳು ತಾಗಿದರೆ ಗುಡುಗುವ, ಪಿಕಪ್ಪಿನೊಳಗೆ ಸಡಿಲವಾಗಿ ಸುತ್ತಿದ ತಾಮ್ರದ ಎಳೆಯ ಸುರುಳಿಯೊಂದು ತನ್ನ ಕಣ್ಣು ತಪ್ಪಿಸಿ ಲೋಕಕ್ಕೆ ಹೋಗಿತ್ತು! ನಲವತ್ತಮೂರು ವರ್ಷ ತಡವಾಗಿಯಾದರೂ ಸರಿ ಎಂದು ಆತ ಅದನ್ನು ಕರಗಿದ ಮೇಣದಲ್ಲಿ ಅದ್ದಿಟ್ಟಿದ್ದ. ದನಿಗೆ ಅದುರುತ್ತಿದ್ದ ಎಳೆಗಳ ನಡುವೆ ಮೇಣ ಇಳಿದು ಗಟ್ಟಿಯಾಗಿತ್ತು. ಒಮ್ಮೆ ಕುಡಿದ ಮೇಣವನ್ನು ಸುರುಳಿ ಕಕ್ಕುವುದಿಲ್ಲ. ಹೊಸದಾಗಿ ಸುತ್ತುವುದೊಂದೇ ದಾರಿ.

ಆತ ಸುತ್ತಿದ. ಸಂಜೆಯೊಳಗೆ ಎರಡು ಸಲ ಸುತ್ತಿದ. ಎರಡೂ ಸುರುಳಿಗಳು ರೇಷ್ಮೆಯ ಉಂಡೆಗಳಂತೆ ನುಣುಪಾಗಿದ್ದವು, ಎರಡೂ ಕಿವುಡು. ಜೀವಮಾನವೆಲ್ಲ ಬಿಗಿಯನ್ನೇ ಕಲಿತ ಬೆರಳುಗಳಿಗೆ ಸಡಿಲವೆಂಬುದು ಒಲಿಯಲಿಲ್ಲ.

ಶುಕ್ರವಾರ ಮಧ್ಯಾಹ್ನ ಸುತ್ತುವ ಯಂತ್ರವನ್ನೂ ಬೆಸುಗೆಯ ಸಲಕರಣೆಯನ್ನೂ ಸಣ್ಣ ಸ್ಪೀಕರನ್ನೂ ವ್ಯಾನಿಗೆ ಹೇರಿಕೊಂಡು, ಇಬುಕಿಯನ್ನು ಜೊತೆಗೆ ಕರೆದುಕೊಂಡು, ಆತ ಕಿಯೊನೊಳ ಮನೆಗೆ ಹೋದ. ಕಿಯೊನೊ ಆ ಕಾರ್ಖಾನೆಯಲ್ಲಿ ಮೂರು ವರ್ಷ ಸುರುಳಿ ಸುತ್ತಿದ್ದವಳು.

"ಓಹೋ, ಇನ್ಸ್‌ಪೆಕ್ಟ್ರು!" ಆಕೆ ಚಹದೊಂದಿಗೆ ಉಪ್ಪಿನಲ್ಲಿ ಹಾಕಿದ ಸೊಪ್ಪಿನ ತಟ್ಟೆಯನ್ನು ಮುಂದೆ ತಳ್ಳಿದಳು. "ದಿನಾ ಇಪ್ಪತ್ತು ಸುರುಳಿ ನನ್ನ ಮುಖಕ್ಕೆ ಎಸೀತಿದ್ರಿ, ಸಡಿಲ ಸಡಿಲ ಅಂತ. ಈಗ ಸಡಿಲಾನೇ ಬೇಕು ಅಂತ ಬಾಗಿಲಿಗೆ ಬಂದ್ರಾ?"

"ತಪ್ಪು ನಂದೇ. ದಯವಿಟ್ಟು ಸುತ್ತಿಕೊಡಿ," ಎಂದು ಅಕಾಹಾನೆ ಚಾಪೆಗೆ ಹಣೆ ತಾಗುವಂತೆ ಬಾಗಿದ.

"ಅಜ್ಜೀ, ನಾಳೆನೇ ರೆಕಾರ್ಡಿಂಗು," ಎಂದಳು ಇಬುಕಿ.

"ಅಜ್ಜಿ ಅಂದ್ರೆ ಕೈ ಓಡಲ್ಲ ನೋಡು. ಅಕ್ಕ ಅನ್ನು."

ಆಕೆ ಕನ್ನಡಕ ಏರಿಸಿ, ಉಸಿರು ಬಿಗಿಹಿಡಿದು, ಕೂದಲಿಗಿಂತ ತೆಳುವಾದ ತಾಮ್ರದ ಎಳೆಯನ್ನು ಬೆರಳ ತುದಿಯಿಂದ ನಡೆಸಿದಳು. ಜೋಡಿಸಿ ನೋಡಿದರೆ ಅದೂ ಕಿವುಡೇ.

"ಇವರು ಹೀಗೆ ಗುರಾಯಿಸ್ಕೊಂಡು ಕೂತ್ರೆ ಸಡಿಲ ಎಲ್ಲಿಂದ ಬರ್ಬೇಕು?" ಎಂದು ಆಕೆ ಸಿಡುಕಿದಳು.

ಇಬುಕಿ ಕೇಳಿದಳು: "ಆಗ ಹೇಗೆ ಕೆಲಸ ಮಾಡ್ತಿದ್ರಿ ಅಕ್ಕ?"

"ಎಂಟು ಹುಡುಗೀರು ಸಾಲಾಗಿ ಕೂರ್ತಿದ್ವಿ. ಕೈ ಅದರ ಪಾಡಿಗೆ ಅದು. ಬಾಯಿ ಮಾತ್ರ ಮುಚ್ತಾನೇ ಇರ್ಲಿಲ್ಲ."

"ಹಂಗಾದ್ರೆ ಮಾತಾಡಿ! ಯಾರ ಬಗ್ಗೆ ಆಡ್ಕೋತಿದ್ರಿ?"

ಕಿಯೊನೊ ಓರೆಗಣ್ಣಿನಿಂದ ಅಕಾಹಾನೆಯನ್ನು ನೋಡಿದಳು. "ಇನ್ಯಾರ ಬಗ್ಗೆ? ಇವರಿಗೆ ನಾವಿಟ್ಟ ಹೆಸರು ಗೊತ್ತಾ? ಉಪ್ಪಿನಕಾಯಿ ಕಲ್ಲು. ಈ ಸೊಪ್ಪನ್ನ ಉಪ್ಪಿಗೆ ಹಾಕಿ ಮೇಲೆ ಹೇರ್ತೀವಲ್ಲ, ಅದು. ಎಲ್ಲಿ ಕೂತ್ರೂ ಒತ್ತೋದೇ!"

ಯಂತ್ರ ತಿರುಗತೊಡಗಿತು.

"ವರ್ಷದ ಕೊನೆ ಊಟದಲ್ಲಿ ಕುಡಿದು ಹಾಡಕ್ಕೆ ನಿಂತ್ರಮ್ಮ. ಒಂದು ಸಾಲು ಹಾಡೋದು, ನಿಲ್ಲಿಸೋದು. 'ಶ್ರುತಿ ತಪ್ತು' ಅಂತ ಮತ್ತೆ ಮೊದಲಿಂದ. ಊಟ ತಣ್ಣಗಾಯ್ತು, ಹಾಡು ಎರಡನೇ ಸಾಲಿಗೆ ಹೋಗ್ಲಿಲ್ಲ!"

"ಮೂರನೇ ಸಾಲಿಗೆ ಹೋಗಿದ್ದೆ," ಎಂದ ಅಕಾಹಾನೆ.

ಇಬ್ಬರು ಹೆಂಗಸರೂ ನಕ್ಕರು. ಕಿಯೊನೊಳ ಭುಜ ಕುಲುಕಿತು. ಎಳೆ ಒಂದೆಡೆ ಗುಡ್ಡವಾಗಿ, ಇನ್ನೊಂದೆಡೆ ಕಂದರವಾಗಿ, ಮತ್ತೊಂದೆಡೆ ಅಡ್ಡಕ್ಕೆ ಹಾಯ್ದು ಸುತ್ತಿಕೊಂಡಿತು. ಅಕಾಹಾನೆ ಎರಡು ಬಾರಿ ಕೈ ಮುಂದೆ ಚಾಚಿ, ಎರಡು ಬಾರಿಯೂ ತೊಡೆಯ ಕೆಳಗೆ ಇಟ್ಟುಕೊಂಡ.

ಬೆಸುಗೆ ಮುಗಿಸಿ, ಸ್ಪೀಕರು ಹಚ್ಚಿ, ಆತ ಗಿಟಾರನ್ನು ಇಬುಕಿಯತ್ತ ಚಾಚಿದ. ಅವಳು ಅದನ್ನು ಕಿಯೊನೊಳ ಮುಂದಿಟ್ಟಳು. ಸಾವಿರಾರು ಸುರುಳಿ ಸುತ್ತಿದ್ದ ಆಕೆ ಒಂದು ಗಿಟಾರಿನ ಸದ್ದನ್ನೂ ಹತ್ತಿರದಿಂದ ಕೇಳಿದ್ದಿಲ್ಲ. ಅವೆಲ್ಲ ಪೆಟ್ಟಿಗೆಯಲ್ಲಿ ಹಡಗು ಹತ್ತಿದ್ದವು. ಆಕೆ ಸಂಕೋಚದಿಂದ ಬಾಗಿ ತಂತಿಗಳಿಗೆ ಹೇಳಿದಳು:

"ಯಾರಾದ್ರೂ ಇದೀರಾ ಒಳಗೆ?"

ಸ್ಪೀಕರಿನಿಂದ ಆಕೆಯದೇ ದನಿ ಬಂದಿತು. ತಗಡಿನ ಡಬ್ಬಿಯೊಳಗಿಂದ ಬಂದಂತೆ, ಕಿರ್ರೆನ್ನುತ್ತ.

"ಅಯ್ಯೋ, ಇಷ್ಟು ಕೆಟ್ಟದಾಗಿದ್ಯಾ ನನ್ನ ದನಿ?"

"ಇದೇ ಅಕ್ಕ, ಇದೇ!" ಇಬುಕಿ ಆಕೆಯ ಎರಡೂ ಕೈ ಹಿಡಿದುಕೊಂಡಳು.

ಅಕಾಹಾನೆ ಮುಚ್ಚಳವನ್ನು ಕೈಗೆತ್ತಿಕೊಂಡ. ಸುರುಳಿಯ ಅಂಚಿನಲ್ಲಿ ಒಂದು ಸುತ್ತು ಪೂರ್ತಿ ಹೊರಗೆ ಜಾರಿ ಜೋಲುತ್ತಿತ್ತು. ಆತ ಅದನ್ನು ಮುಟ್ಟಲಿಲ್ಲ. ಮುಚ್ಚಳವಿಟ್ಟು, ನಾಲ್ಕೂ ತಿರುಪುಗಳನ್ನು ಬಿಗಿದ.