ಫರೀದಾಳ ಬೊಂತೆ

ನಮ್ಮತ್ತೆ ಆದಿಲಕ್ಷ್ಮಮ್ಮನವರಿಗೆ ಮೂಗಿನ ತುದಿಯಲ್ಲೇ ಕೋಪ. ಅದರಲ್ಲಿ ಅರ್ಧ ನನಗೂ ಅಂಟಿಕೊಂಡಿದೆ ಎಂದು ನನ್ನ ಗಂಡ ಹೇಳುತ್ತಾರೆ. ಅಂಟಿಕೊಂಡಿದ್ದರೆ ತಪ್ಪೇನು? ಬೈರಕೂರಿನಿಂದ ಮದುವೆಯಾಗಿ ಮುಳಬಾಗಿಲಿಗೆ ಬಂದಾಗ ನನಗೆ ಹದಿನಾರು ವರ್ಷ, ಆಮೇಲೆ ಹಗಲೆಲ್ಲ ಆಕೆಯ ಪಕ್ಕದಲ್ಲೇ ಕೂತಿದ್ದೇನೆ. ಕೋಪ ಬಂತು, ಬಾಯಿ ಬಂತು. ಬರಬೇಕಾಗಿದ್ದ ಹೊಲಿಗೆ ಮಾತ್ರ ಬರಲಿಲ್ಲ.

ಹಳೆಯ ಸೀರೆ ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡು ಬಟ್ಟೆ ಜೋಡಿಸಿ ಹೊಲಿದ ಹೊದಿಕೆಗೆ ನಮ್ಮ ಕಡೆ ಬೊಂತೆ ಎನ್ನುತ್ತೇವೆ. ಅದು ಎಲ್ಲರ ಮನೆಯಲ್ಲೂ ಇರುತ್ತದೆ, ಮೂಲೆಯಲ್ಲಿ ಬಿದ್ದಿರುತ್ತದೆ. ಅತ್ತೆಯ ಬೊಂತೆ ಮೂಲೆಯಲ್ಲಿ ಬೀಳುವಂಥದ್ದಲ್ಲ. ಚೌಕ, ಸಾಲು ಎಂಬ ಲೆಕ್ಕವೇ ಅದರಲ್ಲಿ ಇರಲಿಲ್ಲ. ತುಂಡು ಹೇಗೆ ಕೈಗೆ ಬಂತೋ ಹಾಗೇ, ಸೊಟ್ಟವಾದರೆ ಸೊಟ್ಟ, ಮೂರು ಮೂಲೆಯಾದರೆ ಮೂರು ಮೂಲೆ. ಬಣ್ಣಕ್ಕೆ ಬಣ್ಣ ಸೇರುವ ಕಡೆ ಸರಪಳಿ ಹೊಲಿಗೆ, ಮೀನಿನ ಮುಳ್ಳಿನ ಹೊಲಿಗೆ, ನಡುನಡುವೆ ಗಿಳಿ, ಮಾವಿನಕಾಯಿ, ತುಂಬೆ ಹೂವು. ಉಳಿದ ಚೂರುಗಳಲ್ಲಿ ಎಲೆಅಡಿಕೆಯ ಸಂಚಿಗಳನ್ನು ಮಾಡುತ್ತಿದ್ದರು. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಅರೆ ಇದ್ದು, ದಾರ ಎಳೆದರೆ ಬಾಯಿ ಮುಚ್ಚಿಕೊಳ್ಳುವ ಸಂಚಿ. ಊರಿನ ಮುಕ್ಕಾಲು ಪಾಲು ಹೆಂಗಸರ ಸೊಂಟದಲ್ಲಿ ನಮ್ಮತ್ತೆಯ ಸಂಚಿಯೇ.

ಚೂರುಗಳೆಲ್ಲ ಬರುತ್ತಿದ್ದುದು ಪೇಟೆಬೀದಿಯ ದರ್ಜಿ ಹಬೀಬುಲ್ಲಾ ಸಾಬರ ಅಂಗಡಿಯಿಂದ. ಕತ್ತರಿಸಿ ಉಳಿದದ್ದನ್ನು ಅವರು ಗೋಣಿಚೀಲಕ್ಕೆ ತುಂಬಿ, ವಾರಕ್ಕೊಮ್ಮೆ ತಾವೇ ಹೊತ್ತು ತಂದು ನಮ್ಮ ಜಗುಲಿಯ ಮೇಲೆ ಸುರಿಯುತ್ತಿದ್ದರು. ಆಗ ಯುದ್ಧದ ಕಾಲ. ಬಟ್ಟೆಯೆಲ್ಲ ಕಂಟ್ರೋಲ್, ಕಾರ್ಡಿಗಿಷ್ಟೇ ಗಜ. ಚೀಲ ದಿನೇ ದಿನೇ ಸೊರಗುತ್ತಿತ್ತು. ಎರಡು ಬೆರಳಗಲದ ಚಿಂದಿಯನ್ನೂ ಅತ್ತೆ ಬಿಡುತ್ತಿರಲಿಲ್ಲ. ಒಂದೇ ಬಣ್ಣದ ಚಿಂದಿಗಳನ್ನು ಆರಿಸಿ, ಅವುಗಳ ಅಂಚಿನಿಂದಲೇ ಒಂದೊಂದು ಎಳೆ ಬಿಡಿಸಿಕೊಂಡು, ಅದೇ ಎಳೆಯಲ್ಲಿ ಅಂಚಿಗೆ ಅಂಚು ಕೂಡಿಸುತ್ತಿದ್ದರು. ಬೇರೆ ದಾರವೇ ಇಲ್ಲದ ಮೇಲೆ ಹೊಲಿಗೆ ಕಾಣುವುದೆಲ್ಲಿಂದ? ಬೆರಳಾಡಿಸಿದರೂ ತಿಳಿಯುತ್ತಿರಲಿಲ್ಲ. ಇದು ಅತ್ತೆಗೆ ಗರ್ವದ ವಿಷಯ. "ಎಲ್ಲಿ ಸೇರಿಸಿದ್ದೀನಿ ಹೇಳೇ ನೋಡೋಣ" ಎಂದು ನನ್ನನ್ನು ಸೋಲಿಸುವುದೇ ಅವರಿಗೆ ಆಟ.

ಸಾಬರ ಮಗಳು ಫರೀದಾಳಿಗೆ ಶ್ರೀನಿವಾಸಪುರದಲ್ಲಿ ಗಂಡು ಗೊತ್ತಾಯಿತು. ಹೆಂಡತಿ ಸತ್ತ ಮೇಲೆ ಸಾಬರು ಒಬ್ಬರೇ ಬೆಳೆಸಿದ ಹುಡುಗಿ. ಅಂಗಡಿಯಲ್ಲಿ ಬೇಜಾರಾದಾಗಲೆಲ್ಲ ನಮ್ಮ ಮನೆಗೆ ಓಡಿಬಂದು ಅತ್ತೆಯ ಕಾಲ ಬಳಿ ಕೂತು ಬೆಳೆದವಳು. "ನನ್ನ ಬೊಂತೆ ಹೊದ್ದುಕೊಂಡೇ ಆ ಮನೆಗೆ ಹೋಗ್ಬೇಕು" ಎಂದು ಅತ್ತೆ ಸಂಕ್ರಾಂತಿಗೆ ಮೊದಲೇ ಸೂಜಿ ಹಿಡಿದರು. ಅಷ್ಟು ಹೊತ್ತಿಗೆ ಅವರ ಎರಡು ಕಣ್ಣಿಗೂ ಪೊರೆ ಇಳಿಯುತ್ತಿತ್ತು. ಮೊದಮೊದಲು ಸೂಜಿಗೆ ದಾರ ಪೋಣಿಸಿಕೊಡುವುದಷ್ಟೇ ನನ್ನ ಕೆಲಸವಾಗಿತ್ತು. ಮಾವು ಬಲಿಯುವ ಹೊತ್ತಿಗೆ ಹಸಿರು ಯಾವುದು ನೀಲಿ ಯಾವುದು ಎಂದೂ ಹೇಳಬೇಕಾಯಿತು. ಕೊನೆಯ ಮೂಲೆ ಮುಗಿಸಿದ ದಿನ ಸೂಜಿಯನ್ನು ನನ್ನ ಸೆರಗಿಗೆ ಚುಚ್ಚಿ, "ಇದೇ ಕೊನೇದು ಕಣೇ ಆಂಜಿನಮ್ಮ. ಇನ್ನು ಈ ಕಣ್ಣಿಗೆ ಆಗಲ್ಲ" ಎಂದರು. ನಾನು ಒಳಗೆ ಹೋಗಿ ಒಲೆ ಊದುವ ನೆಪದಲ್ಲಿ ಅತ್ತುಬಿಟ್ಟೆ.

ಮಾರನೆಯ ದಿನ ನಾನು ಮಾಡಿದ ಕೆಲಸ ಕೇಳಿ. ಬೊಂತೆಯನ್ನು ಹಿತ್ತಿಲಲ್ಲಿ ಬಿಸಿಲಿಗೆ ಹಾಕು ಎಂದು ಅತ್ತೆ ಹೇಳಿದ್ದರು. ನಾನು ತಂದು ಬೀದಿಗೋಡೆಯ ಮೇಲೆ ಹರಡಿದೆ. ನಾಲ್ಕು ಜನ ನೋಡಲಿ ಎಂಬ ಆಸೆ. ನಾಲ್ಕು ಜನ ನೋಡಿದರು ಕೂಡ. ಐದನೆಯವಳಾಗಿ ಬಂದವಳು ಮಂಡಿ ಅಂಗಡಿಯವರ ಹೆಂಡತಿ ವೆಂಕಟರತ್ನಮ್ಮ.

ಬೊಂತೆಯ ನಟ್ಟನಡುವೆ ಒಂದೂವರೆ ಗೇಣಿನ ಕನಕಾಂಬರ ಬಣ್ಣದ ರೇಷ್ಮೆ ಇತ್ತು, ಅದರ ಮೇಲೆ ಗಿಳಿ. ವೆಂಕಟರತ್ನಮ್ಮ ಗಿಳಿಯನ್ನು ನೋಡಲಿಲ್ಲ, ರೇಷ್ಮೆಯನ್ನು ನೋಡಿದಳು.

"ಇದು ನನ್ನ ರವಿಕೆ ಬಟ್ಟೆ" ಎಂದಳು.

ದೀಪಾವಳಿಗೆ ಬೆಂಗಳೂರಿನಿಂದ ಕಷ್ಟಪಟ್ಟು ತರಿಸಿದ ರೇಷ್ಮೆ ಅದು. ಮೊಳಕೈವರೆಗೆ ತೋಳು ಬೇಕೆಂದು ಆಕೆ ಕೇಳಿದ್ದಳು. ಬಟ್ಟೆ ಸಾಲದು ಎಂದು ಹಬೀಬುಲ್ಲಾ ಸಾಬರು ಗಿಡ್ಡ ತೋಳು ಇಟ್ಟಿದ್ದರು. ಈಗ ತೋಳಿಗೆ ಸಾಲದೆ ಹೋದ ಬಟ್ಟೆ ನಮ್ಮ ಗೋಡೆಯ ಮೇಲೆ, ಎರಡು ತೋಳಿಗಾಗುವಷ್ಟು ಅಗಲಕ್ಕೆ ಮೈ ಚಾಚಿ ಬಿಸಿಲು ಕಾಯಿಸುತ್ತಿತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಬೊಂತೆಯನ್ನು ಎಳೆದುಕೊಂಡು ಪೇಟೆಬೀದಿಗೆ ನಡೆದಳು. ನಾನು ಹಿಂದೆ, ನನ್ನ ಕೂಗು ಕೇಳಿ ತಡವರಿಸುತ್ತ ಅತ್ತೆ ನನ್ನ ಹಿಂದೆ. ನಾವು ತಲುಪುವ ಹೊತ್ತಿಗೆ ಅಂಗಡಿಯ ಮುಂದೆ ಆಗಲೇ ಜನ ಸೇರಿದ್ದರು.

"ಕಂಟ್ರೋಲ್ ಕಾಲದಲ್ಲಿ ಹೀಗಾ ಸಾಬರೇ? ನನ್ನ ತೋಳು ಕದ್ದು ಮಗಳಿಗೆ ಹೊದಿಕೇನಾ?"

ಸಾಬರು ಬೊಂತೆಯನ್ನು ಮೇಜಿನ ಮೇಲೆ ಹರಡಿದರು. ಆ ಕನಕಾಂಬರದ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು, ಹೆಬ್ಬೆಟ್ಟಿನಿಂದ ಮೆಲ್ಲಗೆ ಸವರಿದರು. ಆಮೇಲೆ ತಲೆಯೆತ್ತಿ, "ನಾನು ಕದ್ದಿಲ್ಲಮ್ಮ" ಎಂದರು. ಅಷ್ಟೇ.

"ಅದೆಲ್ಲ ಚಿಂದಿ ಕಣಮ್ಮ" ಎಂದರು ಅತ್ತೆ ಏದುಸಿರು ಬಿಡುತ್ತ. "ಕಂಕುಳಲ್ಲಿ, ಕೊರಳಲ್ಲಿ ಕತ್ತರಿಸಿ ಬಿಸಾಕಿದ ಚಿಂದಿ. ನಾನು ಸೇರಿಸಿದ್ದು."

ವೆಂಕಟರತ್ನಮ್ಮ ಉಗುರಿನಿಂದ ಆ ತುದಿಯಿಂದ ಈ ತುದಿಯವರೆಗೆ ಕೆರೆದು ನೋಡಿದಳು. ನೆರೆದವರೂ ಒಬ್ಬೊಬ್ಬರಾಗಿ ಬಗ್ಗಿದರು. ಎಲ್ಲೂ ಒಂದು ಹೊಲಿಗೆ ಕಾಣಲಿಲ್ಲ.

"ಎಲ್ಲಿ ಸೇರಿಸಿದ್ದೀರಿ? ಬಿಚ್ಚಿ ತೋರ್ಸಿ."

ನಮ್ಮತ್ತೆಯ ಮೂಗಿನ ತುದಿಯ ಕೋಪ ನೆತ್ತಿಗೇರಿತು. "ನಲವತ್ತು ವರ್ಷ ಈ ಊರಲ್ಲಿ ಸೂಜಿ ಹಿಡಿದಿದ್ದೀನಿ. ನಿನ್ನ ಸೊಂಟದಲ್ಲಿ ನೇತಾಡ್ತಿರೋ ಸಂಚಿ ಯಾರು ಹೊಲಿದದ್ದೇ? ನನ್ನ ಮಾತು ಸಾಲದಾ? ಬಿಚ್ಚಲ್ಲ, ಹೋಗು!" ಎಂದು ಬೊಂತೆಯನ್ನು ಸುತ್ತಿ ಎದೆಗವಚಿಕೊಂಡು ಮನೆಗೆ ಬಂದುಬಿಟ್ಟರು. ಆ ಹೊತ್ತಿಗೆ ನನಗೂ ಅದೇ ಸರಿ ಅನಿಸಿತ್ತು. ಇಬ್ಬರೂ ದಾರಿಯುದ್ದಕ್ಕೂ ವೆಂಕಟರತ್ನಮ್ಮನ ವಂಶವನ್ನೆಲ್ಲ ಜಾಲಾಡಿಸಿದೆವು.

ನಮ್ಮ ಸಿಟ್ಟಿನ ಬೆಲೆ ತೆತ್ತವರು ಸಾಬರು. ಹೊಲಿಯಲು ಕೊಟ್ಟ ಬಟ್ಟೆಯನ್ನು ಅಂದೇ ಮೂವರು ವಾಪಸು ತೆಗೆದುಕೊಂಡು ಹೋದರಂತೆ. ಮಾರನೆಯ ದಿನ ಮತ್ತಿಬ್ಬರು. ಕಾರ್ಡಿಗೆ ಸಿಗುವ ಬಟ್ಟೆಯನ್ನು ಕಳ್ಳನೆಂಬ ಹೆಸರು ಹೊತ್ತ ದರ್ಜಿಗೆ ಯಾರು ಕೊಡುತ್ತಾರೆ? ಆ ವಾರ ಚೀಲ ಬರಲಿಲ್ಲ, ಚೀಲ ತರುವವರೂ ಬರಲಿಲ್ಲ.

ನಾಲ್ಕನೆಯ ದಿನ ಫರೀದಾ ಬಂದಳು. ಎಂದಿನಂತೆ ಅತ್ತೆಯ ಕಾಲ ಬಳಿ ಕೂತಳು. "ಅಬ್ಬಾ ಮಿಷನ್ನು ಮಾರ್ತಾರಂತೆ ಅಜ್ಜೀ. ಮಾಲೂರಲ್ಲಿ ಮಾಮು ಹತ್ರ ಹೋಗಿ ಇರ್ತೀನಿ ಅಂತಾರೆ. ಶ್ರೀನಿವಾಸಪುರದವರಿಗೆ ಮಾತು ಮುಟ್ಟಿದೆ. ಹುಡುಗಿ ಅಪ್ಪ ಕಳ್ಳ ಹೌದಾ ಅಂತ ಕೇಳಿ ಕಳ್ಸಿದ್ದಾರೆ" ಎಂದಳು.

"ನಿಮ್ಮಪ್ಪ ಏನಂದ?"

"ಏನೂ ಅನ್ನಲ್ಲ. ಬೊಂತೆ ಬಿಚ್ಚಿ ತೋರ್ಸಿ ಅಂತ ಅಜ್ಜಿಗೆ ಹೇಳು ಅಂದೆ. ನನಗೇ ಬೈದ್ರು. ಆ ಮಾತು ಆ ಮನೇಲಿ ಎತ್ತಬೇಡ ಅಂದ್ರು."

ಎತ್ತಿದ್ದಳಲ್ಲ, ಪಾಪ. ಅತ್ತೆ ಎದ್ದು, "ಲೇ ಆಂಜಿನಮ್ಮ, ಪೆಟ್ಟಿಗೆಯಿಂದ ಬೊಂತೆ ತೆಗಿ. ಸೂಜಿ ತಗೋ. ಆ ಮಂಡಿಯೋಳಿಗೆ ಅಂಗಡಿ ಹತ್ರ ಬಾ ಅಂತ ಹೇಳಿ ಕಳ್ಸು" ಎಂದರು.

"ಅತ್ತೆ, ಬಿಚ್ಚಿದರೆ ಮತ್ತೆ..." ಎಂದೆ. ರೇಷ್ಮೆಯ ಚಿಂದಿ ಒಮ್ಮೆ ಬಿಚ್ಚಿಕೊಂಡರೆ ಅಂಚೆಲ್ಲ ಎಳೆ ಎಳೆಯಾಗಿ ಎದ್ದು ಹೋಗುತ್ತದೆ. ಆ ಹೊಲಿಗೆ ಮತ್ತೆ ಕೂರುವುದಿಲ್ಲ. ಕೂರಿಸುವ ಕಣ್ಣೂ ಇರಲಿಲ್ಲ.

"ನನಗೆ ಗೊತ್ತಿಲ್ವೇನೇ? ನಡಿ."

ಮಟಮಟ ಮಧ್ಯಾಹ್ನ. ಸಾಬರು ಖಾಲಿ ಮೇಜಿನ ಹಿಂದೆ ಕೂತಿದ್ದರು, ಮಿಷನ್ನಿಗೆ ಮುಸುಕು ಹಾಕಿತ್ತು. ವೆಂಕಟರತ್ನಮ್ಮ ಬಂದಳು, ಅವಳ ಹಿಂದೆ ಬೀದಿಯೂ ಬಂತು. ಅತ್ತೆ ಬೊಂತೆ ಹರಡಿ, ಸೂಜಿಯನ್ನು ಬಲಗೈಯಲ್ಲಿ ಹಿಡಿದು, ಎಡಗೈಯ ಬೆರಳನ್ನು ಕನಕಾಂಬರದ ಮೇಲೆ ಇಟ್ಟರು. ಮೇಲಿನಿಂದ ಕೆಳಕ್ಕೆ ಸವರಿದರು. ಮತ್ತೆ ಸವರಿದರು. ಬಗ್ಗಿ ಬಟ್ಟೆಗೆ ಕಣ್ಣು ಮುಟ್ಟುವಷ್ಟು ಹತ್ತಿರ ತಂದರು.

ಸಿಗಲಿಲ್ಲ. ತಾವೇ ಹಾಕಿದ ಹೊಲಿಗೆ ಅವರಿಗೇ ಸಿಗಲಿಲ್ಲ.

ನಾನೂ ಹುಡುಕಿದೆ. ಎಷ್ಟು ಸಲ ಆ ಆಟದಲ್ಲಿ ಸೋತಿದ್ದೇನೋ, ಆವತ್ತೂ ಸೋತೆ. ಹಿಂದೆ ಯಾರೋ ನಕ್ಕರು. ಅತ್ತೆ ಮತ್ತೆ ಮೊದಲಿನಿಂದ ಸವರತೊಡಗಿದರು. ಅವರನ್ನು ಆ ಸ್ಥಿತಿಯಲ್ಲಿ ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಬೀದಿಗೋಡೆಯ ಮೇಲೆ ಬೊಂತೆ ಹರಡಿದ ಈ ಕೈಗೆ ಬರೆ ಹಾಕಬೇಕು ಅನಿಸಿತು.

ಆಗ ಸಾಬರು ಎದ್ದು ಬಂದರು. ಅತ್ತೆಯ ತೋರುಬೆರಳನ್ನು ಹಿಡಿದು ಗಿಳಿಯ ಕೊಕ್ಕಿನಿಂದ ಒಂದು ಕಡ್ಡಿಯಷ್ಟು ಕೆಳಗೆ ಇಟ್ಟರು.

"ಇಲ್ಲಿ ಲಕ್ಷ್ಮಕ್ಕಾ. ಮೊದಲನೇದು ಇಲ್ಲಿ."

ಅತ್ತೆ ಸೂಜಿಯ ಮೊನೆ ತೂರಿಸಿ ಮೀಟಿದರು. ಒಂದು ಎಳೆ ಎದ್ದಿತು. ಎಳೆದರೆ ರೇಷ್ಮೆ ಎರಡಾಗಿ ಬಾಯಿ ಬಿಟ್ಟಿತು. ಸಾಬರು ಬೆರಳನ್ನು ಸರಿಸಿದರು. "ಎರಡನೇದು ರೆಕ್ಕೆ ಕೆಳಗೆ. ಮೂರನೇದು ಇಲ್ಲಿ, ಓರೆಯಾಗಿ ಹೋಗುತ್ತೆ." ಒಂದನ್ನೂ ಅವರು ಹುಡುಕಲಿಲ್ಲ, ತಮ್ಮ ಮನೆಯ ಮೆಟ್ಟಿಲು ಇಳಿದಂತೆ ಸಲೀಸಾಗಿ ಇಳಿದರು. ಗಿಳಿಯ ರೆಕ್ಕೆ ಹೋಯಿತು, ಹೊಟ್ಟೆ ಹೋಯಿತು, ಬಾಲ ಹೋಯಿತು. ಕೊನೆಗೆ ಮೇಜಿನ ಮೇಲೆ ಹನ್ನೊಂದು ಚಿಂದಿ ಉಳಿದವು. ಅತಿ ದೊಡ್ಡದು ಮೂರು ಬೆರಳಗಲ. ಅದರಲ್ಲಿ ತೋಳಿರಲಿ, ಬೊಂಬೆಗೆ ಟೋಪಿಯೂ ಆಗುತ್ತಿರಲಿಲ್ಲ.

ಅತ್ತೆ ಸಾಬರ ಮುಖದ ಕಡೆ ತಿರುಗಿದರು.

"ನಿನಗೆ ಗೊತ್ತಿತ್ತೇನೋ ಹಬೀಬು?"

"ಅವತ್ತೇ ನೋಡಿದೆ ಅಕ್ಕಾ. ಬಟ್ಟೆಯ ಹೊಳಪು ಒಂದೊಂದು ಕಡೆ ಒಂದೊಂದು ಥರ ತಿರುಗುತ್ತೆ. ದರ್ಜಿ ಕಣ್ಣಿಗೆ ಮಾತ್ರ ಗೊತ್ತಾಗುತ್ತೆ."

"ಮತ್ತೆ ಯಾಕೋ ಬಾಯಿ ಬಿಡ್ಲಿಲ್ಲ? ಮಿಷನ್ ಮಾರೋಕೆ ಹೊರಟೆ, ಮಗಳ ಮದುವೆ ಕೆಡಿಸ್ಕೊಳ್ಳೋಕೆ ಹೊರಟೆ, ಬಾಯಿಗೆ ಏನಾಗಿತ್ತು?"

ಸಾಬರು ಚಿಂದಿಗಳನ್ನು ಒಂದರ ಮೇಲೊಂದು ಇಡುತ್ತ ಹೇಳಿದರು: "ಬಿಚ್ಚಿ ಅಂತ ಹೆಂಗೆ ಹೇಳ್ಲಿ ಅಕ್ಕಾ? ಮತ್ತೆ ಹಾಕೋಕೆ ನಿಮ್ಗೆ ಕಣ್ಣೆಲ್ಲಿದೆ?"

ನಮ್ಮತ್ತೆ ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮಾವ ತೀರಿಕೊಂಡಾಗಲೂ ಬೈದುಕೊಂಡೇ ದುಃಖಪಟ್ಟವರು. ಆವತ್ತು ಆ ಅಂಗಡಿಯ ಮೇಜಿಗೆ ತಲೆಯಿಟ್ಟು ಮಗುವಿನ ಹಾಗೆ ಅತ್ತರು. ಅವರಿಗಿಂತ ಹೆಚ್ಚಾಗಿ ನಾನೇ ಅತ್ತುಬಿಟ್ಟೆ.

ವೆಂಕಟರತ್ನಮ್ಮ ತಪ್ಪಾಯಿತು ಎನ್ನಲಿಲ್ಲ. ಅವಳ ಬಾಯಿಗೆ ಆ ಅಭ್ಯಾಸವಿಲ್ಲ. ಸೊಂಟದಿಂದ ಸಂಚಿ ಬಿಚ್ಚಿದಳು, ಅತ್ತೆ ಹೊಲಿದುಕೊಟ್ಟಿದ್ದ ಅದೇ ಸಂಚಿ. ಒಳ್ಳೆಯ ಎಲೆಗಳನ್ನು ಆರಿಸಿ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮೊದಲು ಸಾಬರಿಗೆ, ಆಮೇಲೆ ಅತ್ತೆಗೆ ಎರಡೂ ಕೈಯಿಂದ ಕೊಟ್ಟಳು. ಅವರು ಹಾಕಿಕೊಳ್ಳುವವರೆಗೆ ತಲೆ ತಗ್ಗಿಸಿ ನಿಂತಿದ್ದು, ಸುಮ್ಮನೆ ಹೊರಟುಹೋದಳು. ಮಾರನೆಯ ದಿನ ಅವಳ ಮನೆಯಿಂದ ಮೂರು ರವಿಕೆಯ ಬಟ್ಟೆ ಅಂಗಡಿಗೆ ಬಂತು, ಅಳತೆ ಗಿಳತೆಯ ಮಾತಿಲ್ಲದೆ. ಶ್ರೀನಿವಾಸಪುರಕ್ಕೂ ಸುದ್ದಿ ಅದೇ ದಾರಿಯಲ್ಲಿ ಹೋಗಿ ತಲುಪಿತು. ಅದನ್ನು ಹೊತ್ತು ಹೋದವಳು ತಾನೇ ಎಂದು ಆಕೆ ಇಂದಿಗೂ ಒಪ್ಪುವುದಿಲ್ಲ.

ಮದುವೆಗೆ ಐದು ದಿನವಿರುವಾಗ ಸಾಬರು ಬೊಂತೆ ತಂದು ಅತ್ತೆಯ ಮಡಿಲಲ್ಲಿಟ್ಟರು. ನಡುವೆ ತೂತಾಗಿದ್ದ ಕಡೆ ಅದೇ ಹನ್ನೊಂದು ಚಿಂದಿಗಳನ್ನು ಮಡಿಸಿ, ಕರಿದಾರ ಹಾಕಿ ಮಿಷನ್ನಿನಲ್ಲಿ ಹೊಲಿದಿದ್ದರು. ಅಂಚು ಹೋದ ಚಿಂದಿ ಜಾಗಕ್ಕೆ ಸಾಲದೆ ಸುತ್ತಲೂ ತಮ್ಮ ಮದುವೆಯ ಕರಿ ಕೋಟಿನ ಪಟ್ಟಿ ಕೊಟ್ಟಿದ್ದರು. ಗಿಳಿ ಇರಲಿಲ್ಲ.

"ಹೆಂಗಿದೆಯೇ?" ಎಂದರು ಅತ್ತೆ.

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. "ಗೋಣಿಗೆ ತೇಪೆ ಹಾಕಿದ ಹಾಗಿದೆ" ಎಂದೆ. ಸಾಬರು ನಕ್ಕರು.

ಅತ್ತೆ ಬೆರಳಾಡಿಸಿದರು. ಉಬ್ಬಿದ ಹೊಲಿಗೆಗಳ ಬಳಿ ನಿಂತು ನಿಂತು, ನಡುವಿನ ಒಂದೊಂದು ಚಿಂದಿಯನ್ನೂ ತುಟಿಯಲ್ಲೇ ಎಣಿಸುತ್ತ ಕೊನೆಯವರೆಗೂ ಹೋದರು.

"ಹನ್ನೊಂದು" ಎಂದರು. "ಈಗ ಕುರುಡಿಗೂ ಗೊತ್ತಾಗುತ್ತೆ ಕಣೋ."