ಕತ್ತಲೆಯಲ್ಲಿ ಹಸಿರಾದ ಗಿಡ

ಚರ್ರ್ ಎಂದು ಸಣ್ಣಗೆ ಕೇಳಿ ನಿಂತಿತು. ಅರೆನಿದ್ದೆಯಲ್ಲಿದ್ದರೂ ಅದೇನೆಂದು ತಿಳಿಯಲು ಅವಳಿಗೆ ಹೊತ್ತು ಹಿಡಿಯಲಿಲ್ಲ. ಇಲಿಯಲ್ಲ, ಪರದೆಯಲ್ಲ. ಅಂಟಿಸಿದ ಕಾಗದದ ಟೇಪನ್ನು ಯಾರೋ ಉಸಿರು ಬಿಗಿಹಿಡಿದು ಸುಲಿಯುತ್ತಿದ್ದರು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹನ್ನೆರಡು ವರ್ಷ ಆ ಸದ್ದನ್ನೇ ಕೇಳಿಕೊಂಡು ಬಂದ ಕಿವಿ ಅವಳದು. ಗಡಿಯಾರದಲ್ಲಿ ಒಂದೂವರೆ. ಪಕ್ಕದಲ್ಲಿ ಗಂಡನ ಗೊರಕೆ.

ಮನೆಯಲ್ಲಿ ಟೇಪು ಅಂಟಿಸಿದ್ದ ಜಾಗ ಒಂದೇ, ಹಜಾರದ ಕಪಾಟು. ಅದರೊಳಗೆ ಮಗಳ ಬೀನ್ಸ್ ಗಿಡವಿತ್ತು.

ಕಳೆದ ತಿಂಗಳು ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಎರಡೆರಡು ಬೀಜ ಕೊಟ್ಟಿದ್ದರು. ಒಂದನ್ನು ಕಿಟಕಿಯ ಬಳಿ, ಇನ್ನೊಂದನ್ನು ಕತ್ತಲೆಯಲ್ಲಿ ಬೆಳೆಸಬೇಕು, ದಿನವೂ ಅಳೆದು ಬರೆಯಬೇಕು. ಹತ್ತು ವರ್ಷದ ಪಿಟ್ಟಿಗೆ ಇಂಥದ್ದೆಂದರೆ ಊಟವೂ ಬೇಡ. ಅವಳ ಲಂಗದ ಜೇಬಿನಲ್ಲಿ ಯಾವಾಗಲೂ ಒಂದು ಸತ್ತ ಜೀರುಂಡೆಯೋ ಬಸವನಹುಳುವಿನ ಚಿಪ್ಪೋ ಇದ್ದೇ ಇರುತ್ತಿತ್ತು. ಬುಕ್ ಬೈಂಡಿಂಗ್ ಮಾಡುವ ಅಪ್ಪ ಅವಳಿಗೆಂದೇ ದಪ್ಪ ರಟ್ಟಿನ ನೋಟ್‌ಬುಕ್ ಹೊಲಿದುಕೊಟ್ಟಿದ್ದ. ಅದರ ಮೊದಲ ಪುಟದಲ್ಲಿ ಅಮ್ಮ ಬರೆದಿದ್ದಳು: ಕಂಡದ್ದನ್ನು ಬರೆ, ಕಾಣಬೇಕೆನಿಸಿದ್ದನ್ನಲ್ಲ.

ಹತ್ತನೆಯ ದಿನ, ಕತ್ತಲೆಗೆಂದು ಪಿಟ್ಟಿಯ ಕೋಣೆಯ ಕಪಾಟಿನಲ್ಲಿಟ್ಟಿದ್ದ ಗಿಡ ಹಸಿರಾಗಿಯೇ ಇತ್ತು. ಬಿಳಿಚಿಕೊಳ್ಳಬೇಕಿದ್ದ ಎಲೆ ಎಳೆ ಹಸಿರು. ಅಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಲ್ಯಾಬಿನಲ್ಲಿ, ಬಸ್ಸಿನಲ್ಲಿ, ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳಿದಳು. ಆದರೆ ಟೀಚರ್ ನೋಟ್‌ಬುಕ್ಕಿನ ಆ ಪುಟದ ಮೇಲೆ ಕೆಂಪು ಗೀಟು ಎಳೆದು, "ಯಾರ ಮನೇಲೂ ಆಗದ್ದು ನಿಮ್ಮನೇಲಿ ಹೇಗಾಯ್ತಮ್ಮ?" ಎಂದು ಎಲ್ಲರ ಮುಂದೆ ಕೇಳಿದ್ದರು. ತರಗತಿ ನಕ್ಕಿತ್ತು. ಪಿಟ್ಟಿ ಮನೆಗೆ ಬಂದು ಮಂಚದ ಕೆಳಗೆ ಸೇರಿಕೊಂಡಿದ್ದಳು.

ಮರುದಿನವೇ ಅಮ್ಮ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದಳು. ಎಲ್ಲಿ ಹೋದರೂ ಮಾತನ್ನು ತೂಗಿ ಆಡುವವಳು ಅಂದು ತೂಗಲಿಲ್ಲ.

"ದಿನಕ್ಕೆ ಇನ್ನೂರು ರಿಪೋರ್ಟಿಗೆ ಸೈನ್ ಹಾಕ್ತೀನಿ ಟೀಚರ್. ಸುಳ್ಳು ಬರೆದಿದ್ದು ಯಾವುದು, ನೋಡಿ ಬರೆದಿದ್ದು ಯಾವುದು ಅಂತ ನನಗೆ ಗೊತ್ತಾಗುತ್ತೆ. ನನ್ನ ಮಗಳು ಸುಳ್ಳು ಬರೆಯಲ್ಲ."

"ಹಾಗಾದ್ರೆ ಇನ್ನೊಂದ್ಸಲ ಮಾಡ್ಲಿ ಮೇಡಂ," ಎಂದರು ಟೀಚರ್. "ಈ ಸಲ ನೀವೇ ಮುಂದೆ ನಿಂತು ನೋಡಿ. ಎರಡು ವಾರ ಬಿಟ್ಟು ಸೋಮವಾರ ನಿಮ್ಮ ಸೈನ್ ಇರೋ ಪುಸ್ತಕ ತರಲಿ. ಹಸಿರು ಬಂದ್ರೆ ನಾನೇ ಕ್ಲಾಸಲ್ಲಿ ತಪ್ಪಾಯ್ತು ಅಂತೀನಿ."

ಅಂದಿನಿಂದ ಲ್ಯಾಬಿನ ಶಿಸ್ತು ಮನೆಗೆ ಬಂತು. ಅಮ್ಮ ಹಜಾರದ ಕಪಾಟನ್ನೇ ಆರಿಸಿದಳು. ಗಂಡ ದಿನವಿಡೀ ಅದರ ಎದುರಿನ ಮೇಜಿನಲ್ಲೇ ಕೂತು ಪುಸ್ತಕ ಹೊಲಿಯುತ್ತಿದ್ದ, ಕಾವಲು ತಾನಾಗಿಯೇ ಆಯಿತು. ಬೆಳಿಗ್ಗೆ ಅಳತೆ ಮುಗಿದ ಮೇಲೆ ಎರಡು ಬಾಗಿಲಿಗೂ ಅಡ್ಡಲಾಗಿ ಬಿಳಿ ಟೇಪು ಅಂಟಿಸಿ, ಅದರ ಮೇಲೆ ನೀಲಿ ಪೆನ್ನಿನಲ್ಲಿ ಸಹಿ, ತಾರೀಖು, ಸಮಯ. ಯಾಕೆ ಹಾಗೆ ಎಂದು ಮಗಳಿಗೆ ವಿವರಿಸಿಯೂ ಹೇಳಿದ್ದಳು. "ಈ ಸೀಲ್ ಇದ್ರೆ ನಮ್ಮನ್ನ ಯಾರೂ ಅನುಮಾನಿಸೋಕಾಗಲ್ಲ ಪಿಟ್ಟಿ." ಪಿಟ್ಟಿ ಕಣ್ಣು ಮಿಟುಕಿಸದೆ ನೋಡಿದ್ದಳು, ಕಲಿಯುವಾಗ ನೋಡುವ ಹಾಗೆ.

ಟೇಪಿನ ಸದ್ದಿಗೆ ಎದ್ದ ಅಮ್ಮ ಬರಿಗಾಲಲ್ಲಿ ಹಜಾರಕ್ಕೆ ಬಂದಳು. ಕಪಾಟು ತೆರೆದಿತ್ತು. ಅಡುಗೆಮನೆಯಿಂದ ತೆಳುವಾದ ಬೆಳಕು ನೆಲದ ಮೇಲೆ ಬಿದ್ದಿತ್ತು. ಪಿಟ್ಟಿ ಫ್ರಿಜ್ಜಿನ ಬಾಗಿಲು ತೆಗೆದಿಟ್ಟು ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು, ತೊಡೆಯ ಮೇಲೆ ಗಿಡದ ಲೋಟ. ಬೆಳಕಿನ ಕಡೆಗೆ ಒಂದು ಎಲೆ, ಆಮೇಲೆ ಇನ್ನೊಂದು ಎಲೆ, ಹೀಗೆ ತಿರುಗಿಸುತ್ತಿದ್ದಳು.

"ಇನ್ನು ಸ್ವಲ್ಪ ಹೊತ್ತು," ಎಂದು ಗಿಡಕ್ಕೆ ಪಿಸುಗುಟ್ಟುತ್ತಿದ್ದಳು. "ಸೋಮವಾರದ ತನಕ ಹೇಗಾದ್ರೂ ತಡ್ಕೋ. ಮೊದಲನೇದು ಕೋಣೇಲಿತ್ತಲ್ಲ, ಅದಕ್ಕೆ ದಿನಾ ಬಿಸಿಲು ಸಿಗ್ತಿತ್ತು. ನಿನ್ನ ಹಣೆಬರಹ ಇಷ್ಟೇ."

ಅಮ್ಮ ಗೋಡೆಗೆ ಅಂಗೈ ಊರಿದಳು. ಹಾಗಾದರೆ ಆ ಮೊದಲನೆಯದೂ. ಲ್ಯಾಬಿನಲ್ಲಿ ಹೇಳಿದ್ದು, ಬಸ್ಸಿನಲ್ಲಿ ಹೇಳಿದ್ದು, ಟೀಚರ್ ಮುಂದೆ ಎದೆ ತಟ್ಟಿ ಹೇಳಿದ್ದು. ಇಷ್ಟಾದರೂ ಅವಳು ತಡೆದುಕೊಳ್ಳುತ್ತಿದ್ದಳೇನೋ. ಬಾಡುವ ಗಿಡವನ್ನು ನೋಡಲಾಗದ ಮಗು, ಪಾಪ, ಎಂದು ಒಳಗೆ ಹೋಗಿ ತಬ್ಬಿಕೊಳ್ಳುತ್ತಿದ್ದಳೇನೋ. ಅಷ್ಟರಲ್ಲಿ ಪಿಟ್ಟಿ ಗಿಡವನ್ನು ಪಕ್ಕಕ್ಕಿಟ್ಟು ಹೊಸ ಟೇಪಿನ ತುಂಡನ್ನು ಮೊಣಕಾಲ ಮೇಲೆ ಹಾಸಿಕೊಂಡಳು. ನಾಲಿಗೆಯ ತುದಿ ಹೊರಹಾಕಿ, ನೀಲಿ ಪೆನ್ನಿನಿಂದ, ಒಂದೇ ಎಳೆತದಲ್ಲಿ ಅಮ್ಮನ ಸಹಿ ಬರೆದಳು. ಕೈ ಎಲ್ಲೂ ತಡವರಿಸಲಿಲ್ಲ. ತುಂಬ ದಿನದ ಅಭ್ಯಾಸದ ಕೈ.

ಅಮ್ಮ ಸದ್ದಿಲ್ಲದೆ ಹಿಂದಿರುಗಿ ಮಲಗಿದಳು. ಬೆಳಿಗ್ಗೆ ಅವಳೇ ಹೇಳುತ್ತಾಳೆ, ಹೇಳಲು ಅವಕಾಶ ಕೊಡಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕಣ್ಣು ಮಾತ್ರ ಮುಚ್ಚಲಿಲ್ಲ.

ಬೆಳಿಗ್ಗೆ ಪಿಟ್ಟಿ ಕೈ ಹಿಡಿದು ಎಳೆದಳು. "ಅಮ್ಮ, ಸೀಲ್ ನೋಡು ಬಾ."

ಅಮ್ಮ ಬಗ್ಗಿ ನೋಡಿದಳು. ತಪ್ಪಿದ್ದರೆ ಒಂದೇ ತಪ್ಪು, ಸಹಿ ಅವಳದ್ದಕ್ಕಿಂತ ಅಂದವಾಗಿತ್ತು.

"ರಾತ್ರಿ ಯಾರೂ ಮುಟ್ಟಿಲ್ಲ ತಾನೆ?"

"ಯಾರು ಮುಟ್ತಾರೆ? ಅಪ್ಪ ಗೊರಕೆ ಹೊಡೀತಿದ್ರು. ನಾನು ಮಲಗಿದ್ದೆ."

ಗಂಡ ಸೂಜಿಗೆ ದಾರ ಪೋಣಿಸುತ್ತ, "ಅದನ್ನೂ ಬರ್ಕೋಮ್ಮ ನೋಟ್‌ಬುಕ್ಕಲ್ಲಿ. ಗೊರಕೆ ಇಷ್ಟು ಸೆಂಟಿಮೀಟರ್ ಅಂತ," ಎಂದ. ಪಿಟ್ಟಿ ಬಿದ್ದು ಬಿದ್ದು ನಕ್ಕಳು.

ಆ ನಗುವಿನಲ್ಲಿ ಒಂದು ಕೂದಲಿನಷ್ಟೂ ಬಿರುಕಿರಲಿಲ್ಲ. ಅಮ್ಮ ಅದನ್ನೇ ಹುಡುಕುತ್ತಿದ್ದಳು. ಪಿಟ್ಟಿ ಅಳೆದಳು, ಬರೆದಳು: ಒಂಬತ್ತನೇ ದಿನ. ಹದಿನಾಲ್ಕು ಸೆಂಟಿಮೀಟರ್. ಎಲೆ ತಿಳಿ ಹಸಿರು. ಸೀಲ್ ಒಡೆದಿಲ್ಲ. ಆಮೇಲೆ ನೋಟ್‌ಬುಕ್ಕನ್ನೂ ಪೆನ್ನನ್ನೂ ಅಮ್ಮನ ಕಡೆ ಸರಿಸಿ, "ಇಲ್ಲಿ ಸೈನ್," ಎಂದಳು.

ಒಮ್ಮೆ ಲ್ಯಾಬಿನ ಮಾಲೀಕರೇ ಮುಂದೆ ನಿಂತು ಒಂದು ರಿಪೋರ್ಟು ತಿದ್ದು ಎಂದಾಗಲೂ ಅವಳು ಪೆನ್ನು ಮುಟ್ಟಿರಲಿಲ್ಲ. ಈಗಲೂ ಮುಟ್ಟಲಾರಳು. ಆದರೆ ಯಾಕೆಂದು ಹೇಳಿದರೆ, ಈ ಹುಡುಗಿ ಇನ್ನು ನೋಟ್‌ಬುಕ್ ತೆರೆಯುತ್ತಾಳೆಯೇ? ಜೀರುಂಡೆ ಹಿಡಿದು ಓಡಿಬರುತ್ತಾಳೆಯೇ?

"ಸೈನ್ ಹಾಕೋಕಾಗಲ್ಲ ಪಿಟ್ಟಿ," ಎಂದಳು. "ರಾತ್ರಿ ನಿದ್ದೆ ಬರ್ಲಿಲ್ಲ. ನಾನೇ ಕಪಾಟು ತೆಗೆದು, ದೀಪ ಹಾಕ್ಕೊಂಡು ಗಿಡ ನೋಡ್ತಾ ಕೂತಿದ್ದೆ. ಆ ಟೇಪು ನಾನು ಆಮೇಲೆ ಅಂಟಿಸಿದ್ದು."

ಅದೊಂದು ತೆರೆದ ಬಾಗಿಲು. ಇಲ್ಲಮ್ಮ, ಅದು ನಾನು, ಎಂದು ಬಿಕ್ಕಿ ಒಳಗೆ ಬರಲಿ ಎಂದು ತೆರೆದಿಟ್ಟದ್ದು.

ಪಿಟ್ಟಿ ಸುಲಿದಿಟ್ಟ ಟೇಪಿನ ಕಡೆ ನೋಡಿದಳು. ತಾನೇ ಬರೆದ ಸಹಿ ಅವಳಿಗೆ ಗುರುತು ಸಿಗದೆ ಇರುತ್ತದೆಯೇ? ನಿಧಾನವಾಗಿ ಕಣ್ಣೆತ್ತಿ ಅಮ್ಮನನ್ನು ನೋಡಿದಳು. ಕಿವಿಯ ತುದಿ ಕೆಂಪಾಯಿತು. ಅಮ್ಮನಿಗೆ ಎಲ್ಲ ಗೊತ್ತು ಎಂಬುದು ಅವಳಿಗೂ ಗೊತ್ತಾಯಿತು.

ಆಮೇಲೆ ಅಪ್ಪನ ಕಡೆ ತಿರುಗಿದಳು.

"ನೋಡಪ್ಪ, ಅಮ್ಮ ಎಲ್ಲಾ ಹಾಳು ಮಾಡಿದ್ಲು. ನಾನು ಒಂಬತ್ತು ದಿನದಿಂದ ಮುಟ್ಟೇ ಇರ್ಲಿಲ್ಲ. ಮುಟ್ಬೇಡ ಅಂತ ನನಗೆ ಹೇಳ್ಕೊಟ್ಟಿದ್ದೇ ಅವಳು."

ಅವಳು ನಿಜವಾಗಿಯೂ ಅಳುತ್ತಿದ್ದಳು. ಕಣ್ಣೀರು ಗಲ್ಲದಿಂದ ನೋಟ್‌ಬುಕ್ಕಿನ ಮೇಲೆ ಬೀಳುತ್ತಿತ್ತು.

ಗಂಡ ಸೂಜಿ ಕೆಳಗಿಟ್ಟ. "ಇದೇನೇ ನೀನು? ಮಗು ಮರ್ಯಾದೆ ಪ್ರಶ್ನೆ ಅಂತ ಇಡೀ ಮನೆಗೆ ಬೀಗ ಹಾಕಿಸ್ದೆ. ಕೊನೆಗೆ ನಿನಗೇ ತಡೆಯೋಕಾಗ್ಲಿಲ್ವಾ?"

"ತಪ್ಪಾಯ್ತು," ಎಂದಳು ಅವಳು.

ನೋಟ್‌ಬುಕ್ಕಿನಲ್ಲಿ ಮಗಳ ಸಾಲಿನ ಕೆಳಗೆ ಬರೆದಳು: ಕಪಾಟನ್ನು ರಾತ್ರಿ ನಾನು ತೆರೆದೆ. ಈ ಪ್ರಯೋಗವನ್ನು ಪರಿಗಣಿಸಬಾರದು. ಅದರ ಕೆಳಗೆ ಸಹಿ ಮಾಡಿದಳು. ಹನ್ನೆರಡು ವರ್ಷದಲ್ಲಿ ಸುಳ್ಳಿನ ಕೆಳಗೆ ಹಾಕಿದ ಮೊದಲ ಸಹಿ. ಕೊನೆಯ ಅಕ್ಷರ ಓರೆಯಾಯಿತು.

ಪಿಟ್ಟಿ ನೋಟ್‌ಬುಕ್ ಚೀಲಕ್ಕೆ ತುರುಕಿಕೊಂಡು ಅಪ್ಪನ ಕೈಹಿಡಿದು ಬಾಗಿಲು ದಾಟಿದಳು. ದಿನವೂ ಮೆಟ್ಟಿಲ ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡುತ್ತಿದ್ದವಳು ಇಂದು ನೋಡಲಿಲ್ಲ.

ಮಗಳನ್ನು ಬಿಟ್ಟುಬಂದ ಗಂಡ ಚಪ್ಪಲಿ ಬಿಡುತ್ತ ಕೇಳಿದ, "ಅಲ್ಲ, ಸೂಜಿ ಜಾಗ ತಪ್ಪಿದ್ರೂ ಸಹಿಸದವಳು ನೀನು. ನಿಜವಾಗ್ಲೂ ನೀನೇ ತೆಗೆದ್ಯಾ?"

ಅವಳು ಲ್ಯಾಬಿನ ಕೋಟನ್ನು ಮಡಚಿ ಚೀಲಕ್ಕೆ ಹಾಕುತ್ತಿದ್ದಳು. ಒಂದು ಮಾತು ಹೇಳಿದರೆ ಎದೆ ಹಗುರಾಗುತ್ತಿತ್ತು. ಹೇಳಿದರೆ ಸಂಜೆ ಅವನು ಮಗಳನ್ನು ಬೇರೆ ಕಣ್ಣಿಂದ ನೋಡುತ್ತಾನೆ. ನಾನು ಆಗಲೇ ಹಾಗೆ ನೋಡುತ್ತಿದ್ದೇನೆ, ಒಬ್ಬಳು ಸಾಕು. ಈ ಮಾತು ಗಂಡನಿಗಿಲ್ಲ, ಟೀಚರಿಗಿಲ್ಲ, ಪಿಟ್ಟಿ ದೊಡ್ಡವಳಾದ ಮೇಲೆ ಪಿಟ್ಟಿಗೂ ಇಲ್ಲ.

"ಹೂಂ," ಎಂದಳು. "ನಾನೇ."